ಅಜ್ಜಿಯ ಎಲೆಗೆ ಮುರು ಮೀನು

ಕಡಲಿನ ನೀರು ಇನ್ನೂ ಸಿಹಿಯಾಗಿದ್ದ ಕಾಲದಲ್ಲಿ ಒಬ್ಬಳು ರಾಜಕುಮಾರಿ ಇದ್ದಳಂತೆ. ಮಲ್ಲಿಗೆಯ ಹೊರತು ಬೇರೆ ಯಾವ ವಾಸನೆಯೂ ಅವಳ ಮೂಗಿಗೆ ಒಗ್ಗದು. ಒಂದು ದಿನ ಹಸಿವು ತಾಳಲಾರದೆ ದಡಕ್ಕೆ ಹೋಗಿ, ಒಂದು ಕೈಯಲ್ಲಿ ಮೂಗು ಮುಚ್ಚಿ, ಇನ್ನೊಂದು ಕೈ ಚಾಚಿ, “ಒಂದು ಮೀನು ಕೊಡು” ಎಂದಳು. ಕಡಲು ಎಸೆಯಿತು; ಮೀನು ಜಾರಿತು. ಮತ್ತೆ ಎಸೆಯಿತು, ಮತ್ತೆ ಜಾರಿತು. “ಎರಡೂ ಕೈ ಚಾಚು ಮಗಳೇ” ಎಂದಿತು ಕಡಲು.

ಅಜ್ಜಿ ಕತೆಯನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರು. “ಮತ್ತೆ?” ಎಂದು ಕೇಳಿದರೆ, “ಮತ್ತೆ ಎಂತ? ಅವಳು ಇನ್ನೂ ಅಲ್ಲೇ ನಿಂತಿದ್ದಾಳೆ, ಮೂಗು ಹಿಡ್ಕೊಂಡು. ನಿನ್ನ ಹಾಗೆ!” ಎಂದು ಮೊಮ್ಮಗಳು ಅಕ್ಷಯಾಳ ಕೆನ್ನೆ ಚಿವುಟುತ್ತಿದ್ದರು. ಆ ಬೆರಳುಗಳೂ ಮೀನು ನಾರುತ್ತಿದ್ದವು.

ಅಜ್ಜಿ ಹೆಜಮಾಡಿಯ ಓಣಿಗಳಲ್ಲಿ ಬುಟ್ಟಿ ಹೊತ್ತು ಮೀನು ಮಾರಿದವರು. ಬುಟ್ಟಿಗೆ ಮುರು ಮೀನು ಬಂದರೆ ಅದು ದುಡ್ಡಿದ್ದವರ ಮನೆಗೆ. ಅಜ್ಜಿಯ ಒಲೆಗೆ ಮಿಕ್ಕ ಅಗ್ಗದ ಪುಟ್ಟ ಮೀನು, ಬೂತಾಯಿ. “ನಾನು ಸತ್ತ ಮೇಲಾದ್ರೂ ನನ್ನ ಎಲೆಗೆ ಒಂದು ಇಡೀ ಮುರು ಬಡಿಸು ಮಗಾ. ಪೇಟೆಯದ್ದು ಬೇಡ. ನೀನೇ ಹಿಡಿದದ್ದು, ನೀನೇ ಕೊಯ್ದದ್ದು” ಎಂದಿದ್ದರು ಒಮ್ಮೆ. ಪುಟ್ಟ ಅಕ್ಷಯಾ ಮೂಗು ಮುಚ್ಚಿಕೊಂಡೇ “ಆಯ್ತು” ಎಂದಿದ್ದಳು.

ಅಜ್ಜಿ ತೀರಿ ಈಗ ವರ್ಷ ತುಂಬುತ್ತಿತ್ತು. ಹೋದವರ ಹೆಸರಿನಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಂದೆ ಮಾಡಿಕೊಂಡು, ಅವರು ಉಂಡೇಳುವಷ್ಟು ಹೊತ್ತು ಹೊರಗೆ ಕಾಯುವುದು ಆ ಮನೆಯ ಪದ್ಧತಿ. ಅಜ್ಜಿಯ ಮಗ ಕೊಗ್ಗ ಮಾವನಿಗೆ ಊರಿಗೆ ಹೋಗಲು ರಜೆ ಸಿಗಲಿಲ್ಲ. ಹಾಗಾಗಿ ಎಲೆ ಬೀಳುವುದು ಮಸ್ಕತ್ತಿನ ಅಲ್ ಮಬೇಲಾದಲ್ಲಿರುವ ಮಾವನ ಮನೆಯಲ್ಲಿ, ಶನಿವಾರ ಸಂಜೆ. ಅಕ್ಷಯಾ ಅದಕ್ಕೆಂದೇ ಅಲ್ಲಿಗೆ ಬಂದಿದ್ದಳು.

“ಮುರು ಸಿಗದಿದ್ದರೆ ಮಾವ?” ಎಂದು ಕೇಳಿದಳು ಅಕ್ಷಯಾ.

“ಸಿಗದಿದ್ರೆ ಬೂತಾಯಿ. ಅಮ್ಮನಿಗೆ ಅಭ್ಯಾಸ ಉಂಟಲ್ಲ.”

“ಬೂತಾಯಿ ಬೇಡ. ನಾನೂ ಗಾಳ ಹಾಕಲಿಕ್ಕೆ ಬರ್ತೇನೆ” ಎಂದಳು ಅಕ್ಷಯಾ.

ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಅವರು ಮಸ್ಕತ್ತಿನಿಂದ ದೂರದ ಮಹೂತ್ ಕಡೆಯ ಕರಾವಳಿಯಲ್ಲಿ, ಅಲ್ಲಿಯ ಮೀನುಗಾರ ಮುಸ್ತಫಾನ ದೋಣಿ ಹತ್ತಿದ್ದರು. ಅಕ್ಷಯಾ, ಕೊಗ್ಗ ಮಾವ, ಜೊತೆಗೆ ಮಾವನ ನೆರೆಮನೆಯ ಮ್ಯಾಕ್ಸ್‌ವೆಲ್. ಗಾಳ ಹಾಕುವ ಹುಚ್ಚಿಗೆ ಮ್ಯಾಕ್ಸ್‌ವೆಲ್ ಅರ್ಧ ಸಂಬಳ ಸುರಿಯುತ್ತಾನೆ ಎಂಬುದು ಅವನ ಹೆಂಡತಿಯ ದೂರು. ದೋಣಿಯ ತಳದಲ್ಲಿ ಹಳೆಯ ಮೀನುರಕ್ತ ಕರ್‍ರಗೆ ಅಂಟಿತ್ತು. ಅಕ್ಷಯಾ ಪಾದ ಮೇಲೆತ್ತಿಕೊಂಡೇ ಕೂತಳು.

ಮುಂದೆ ಅವರು ರಾತ್ರಿ ತಂಗಬೇಕಿದ್ದ ದ್ವೀಪ ಕಂಡಿತು. ದೂರದಿಂದ ಅದು ಅಜ್ಜಿಯ ಕತೆ ಕೇಳಿ ಅವಳು ಕಂಡ ಕನಸಿನದೇ. ಹಾಲಿನಂಥ ಮರಳು ಕಡಲಿಗೂ ಕೆಸರುಬಯಲಿಗೂ ನಡುವೆ ಉದ್ದಕ್ಕೆ ಗೋಡೆಯಂತೆ ಮಲಗಿತ್ತು. ಒಂದು ತುದಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಬಂಡೆಗುಡ್ಡ. ಇದೇ ರಾಜಕುಮಾರಿಯ ಅರಮನೆ ಎಂದುಕೊಂಡಳು. ಗಾಳಿ ತಿರುಗಿತು, ಅರಮನೆಯ ವಾಸನೆ ಬಂತು. ಬೆಳ್ಳಿಯೆಂದುಕೊಂಡದ್ದು ಹಕ್ಕಿಗಳ ಹಿಕ್ಕೆ! ಸಾವಿರಾರು ನೀರುಕಾಗೆಗಳು ತಲೆಮಾರುಗಳಿಂದ ಸುಣ್ಣ ಬಳಿದಂತೆ ಬಳಿದಿದ್ದವು. ದಡದಲ್ಲಿ ಹರಿದ ಬಲೆಗಳು, ಬಿಸಿಲಿಗೆ ಉಬ್ಬಿದ ಆಮೆಯೊಂದರ ಹೆಣ, ಅದರ ಕಣ್ಣಿನ ಗುಳಿಯಲ್ಲಿ ಏಡಿಗಳು.

“ಥೂ! ಇಲ್ಲಿ ಮಲಗುವುದಾ?”

“ಮತ್ತೆ? ಫೈವ್ ಸ್ಟಾರ್ ಮಾರಾಯ್ತಿ. ಹಾಸಿಗೆಗೆ ಪರಿಮಳ ಫ್ರೀ!” ಎಂದ ಮ್ಯಾಕ್ಸ್‌ವೆಲ್.

ಮುಸ್ತಫಾ ಅವರನ್ನಿಳಿಸಿ, ಬೆರಳೆತ್ತಿ ತನ್ನ ಹಿಂದಿಯಲ್ಲಿ ಎಚ್ಚರಿಸಿದ. ಇಳಿತ ಬಂದರೆ ದೋಣಿ ಇಲ್ಲಿ ತೇಲದು. ನಾಳೆ ಬೆಳಗಿನ ಉಬ್ಬರಕ್ಕೆ ಬರುತ್ತೇನೆ, ನೀರು ಇಳಿಯುವ ಮೊದಲು ಹೊರಡಬೇಕು. ತಡವಾದರೆ, “ಖಲಾಸ್!”

ಬೆಳಗಿಡೀ ಗಾಳ ಹಾಕಿದರು. ಅಕ್ಷಯಾಳ ಗಾಳಕ್ಕೆ ಬೂತಾಯಿ ಚುಚ್ಚಿಕೊಟ್ಟವನು ಮ್ಯಾಕ್ಸ್‌ವೆಲ್. ಅವಳು ದಾರ ಹಿಡಿದದ್ದು ಎರಡು ಬೆರಳ ತುದಿಯಲ್ಲಿ. ಸಿಕ್ಕಿದ್ದು ಚೆಂಡಿನಂತೆ ಉಬ್ಬಿ ಅವಳ ಮುಖಕ್ಕೇ ನೀರು ಉಗುಳಿದ ವಿಷದ ಮೀನು, ಲೋಳೆ ಸುರಿಸುವ ಒಂದು ಹಾವುಮೀನು. ಎರಡನ್ನೂ ಬಿಟ್ಟರು.

ಮಧ್ಯಾಹ್ನ ನೀರು ಕಣ್ಣಿಗೆ ನಿಲುಕದಷ್ಟು ದೂರ ಸರಿಯಿತು. ಗುಡಾರದ ಪಕ್ಕ ಗಾಳಕ್ಕೆಂದು ಬೂತಾಯಿ ತುಂಬಿಟ್ಟ ಬಕೆಟ್ಟಿನಲ್ಲಿ ಐಸು ಕರಗಿ, ಮೀನಿನ ಹೊಟ್ಟೆಗಳು ಒಡೆದು, ಮೇಲೆ ಎಣ್ಣೆಯಂಥ ಕಂದು ಕೆನೆ ಕಟ್ಟಿತ್ತು. ಗಂಡಸರಿಬ್ಬರೂ ಗೊರಕೆ ಹೊಡೆಯುತ್ತಿದ್ದರು. ಅಕ್ಷಯಾ ಎದ್ದಳು. ಮೂಗು ಮುಚ್ಚಿ, ಬಕೆಟ್ಟನ್ನು ಒಂದೇ ಕೈಯಲ್ಲಿ ಎಳೆಯುತ್ತ ಎಳೆಯುತ್ತ ಒಣಗಿದ ಮರಳಿನ ಆಚೆ ತುದಿಗೆ ಒಯ್ದಿಟ್ಟಳು. ಆಮೇಲೆ ತಣ್ಣಗೆ ನಿದ್ದೆ ಹೋದಳು.

ಎಚ್ಚರಿಸಿದ್ದು ಪಾದ ನೆಕ್ಕಿದ ನೀರು.

“ಏಳಿ! ಏಳಿ!” ಮ್ಯಾಕ್ಸ್‌ವೆಲ್ ಕೂಗಿದ.

ಸೂರ್ಯ ಮುಳುಗುತ್ತಿದ್ದ. ಗಾಳಿ ಬಲವಾಗಿತ್ತು. ಉಬ್ಬರವನ್ನು ಹಿಂದಿನಿಂದ ನೂಕುತ್ತಿತ್ತು.

ಗುಡಾರ ಒಂದು ಸಲ ಉಸಿರೆಳೆದುಕೊಂಡಂತೆ ಉಬ್ಬಿ ಕಿತ್ತುಹೋಯಿತು. ಕೊಗ್ಗ ಮಾವ ನೀರಿನ ಕ್ಯಾನು ಹಿಡಿದರು, ಮ್ಯಾಕ್ಸ್‌ವೆಲ್ ದಾರದ ಉಂಡೆಗಳನ್ನು.

“ಬಕೆಟ್ ಎಲ್ಲಿ?” ಎಂದರು ಮಾವ.

ಅಕ್ಷಯಾ ಕೈ ಚಾಚಿದಳು. ಅವಳು ತೋರಿಸಿದ ಕಡೆ ಬರೀ ನೊರೆ.

“ನಾನೇ ಅಲ್ಲಿಟ್ಟದ್ದು ಮಾವ. ನಾತ ತಡೆಯಲಿಕ್ಕಾಗಲಿಲ್ಲ.”

“ಹಾಳಾಗಿ ಹೋಗ್ಲಿ, ಮೊದಲು ಓಡು!”

ಮಂಡಿಯುದ್ದದ ನೀರಲ್ಲಿ ಓಡಿದರು. ಉಳಿದಿದ್ದ ಎತ್ತರ ಒಂದೇ, ಆ ಬಂಡೆಗುಡ್ಡ. ಅಕ್ಷಯಾ ಕೈಯೂರಿದಲ್ಲೆಲ್ಲ ಬೆಚ್ಚಗಿನ ಹಿಕ್ಕೆ ಬೆರಳ ಸಂದಿಯಿಂದ ಮೇಲೆದ್ದಿತು. ಬೆದರಿದ ನೀರುಕಾಗೆಗಳು ಹಾರುವ ಮೊದಲು ಹೊಟ್ಟೆ ಹಗುರ ಮಾಡಿಕೊಂಡವು. ಅರೆ ಕರಗಿದ ಮೀನುಗಳು ವಾಂತಿಯಾಗಿ ಪಚಪಚನೆ ಬಿದ್ದವು. ಬಂಡೆಗೆ, ಹೆಗಲಿಗೆ, ಕೂದಲಿಗೆ.

“ಅಯ್ಯೋ ಸಾಯ್ಬಾ, ದೇವರೇ! ಪಾದ್ರಿಗಳು ಹೇಳುವ ಶುದ್ಧೀಕರಣದ ಜಾಗ ಇದೇ ಇರ್ಬೇಕು ಕೊಗ್ಗಣ್ಣ!” ಎಂದು ಮ್ಯಾಕ್ಸ್‌ವೆಲ್ ಕಣ್ಣೊರೆಸಿಕೊಂಡ.

ಅಕ್ಷಯಾ ಬಗ್ಗಿ ತನ್ನದನ್ನೂ ಕಾರಿಕೊಂಡಳು. ಬೆನ್ನಿಗೆ ಬೆನ್ನು ಕೊಟ್ಟು ಮೂವರೂ ಅಲ್ಲೇ ಕತ್ತಲು ಕಳೆದರು.

ಬೆಳಗಾದಾಗ ಬಂಡೆಯ ಬುಡಕ್ಕೆ ಮತ್ತೆ ನೀರು ಬಂದಿತ್ತು. ದೂರದಲ್ಲಿ ಮುಸ್ತಫಾನ ದೋಣಿಯ ಚುಕ್ಕಿ. ಕೊಗ್ಗ ಮಾವ “ಇನ್ನು ಬೂತಾಯಿಯೇ” ಎಂದು ದಾರ ಸುತ್ತತೊಡಗಿದರು. ಬಯ್ದಿದ್ದರೆ ಎಷ್ಟೋ ಮೇಲಿತ್ತು ಎನಿಸಿತು ಅಕ್ಷಯಾಳಿಗೆ.

ಆಗ ತಲೆಯ ಮೇಲಿನ ಬಂಡೆಯಿಂದ ಒಂದು ಹಕ್ಕಿ ಗುಟುರು ಹಾಕಿತು. ಅದು ಕಾರಿದ ಮೀನು ಅಂಚಿನಿಂದ ಜಾರಿ ನೀರಿಗೆ ಬಿತ್ತು. ಕೆಳಗಿನ ಕತ್ತಲೆಯ ಪೊಟರೆಯಿಂದ ಒಂದು ಅಗಲ ಬಾಯಿ ಬಂತು. ಗಬಕ್! ಮತ್ತೆ ಒಳಗೆ ಹೋಯಿತು.

“ಮುರು!” ಮ್ಯಾಕ್ಸ್‌ವೆಲ್ ಪಿಸುಗುಟ್ಟಿದ. “ಇಲ್ಲಿಯವರ ಹಾಮೂರ್. ಆದ್ರೆ ಚುಚ್ಚಲಿಕ್ಕೆ ಎಂತದೂ ಇಲ್ವಲ್ಲ ನಮ್ಮತ್ರ.”

ಅಕ್ಷಯಾ ತನ್ನ ಕಾಲ ಬಳಿ ನೋಡಿದಳು. ಇತ್ತು. ಚರ್ಮ ಕರಗಿ, ಕಣ್ಣು ಬೆಳ್ಳಗೆ ಬೆಂದು, ಹಳದಿ ಲೋಳೆಯಲ್ಲಿ ಮುಳುಗಿದ ಒಂದು ಮೀನು. ಹಕ್ಕಿಯ ಹೊಟ್ಟೆಯ ಹುಳಿ ವಾಸನೆ.

“ನಾನು ಚುಚ್ಚಿಕೊಡ್ತೇನೆ, ಬಿಡು” ಎಂದರು ಮಾವ, ಅವಳ ಮುಖ ನೋಡಿ.

“ಬೇಡ.”

ಎರಡೂ ಕೈ ಹಾಕಿದಳು. ಅದು ಬೆಣ್ಣೆಯಂತೆ ಜಾರಿತು. ಮತ್ತೆ ಹಿಡಿದಳು. ವಾಕರಿಸುತ್ತ, ಬಯ್ಯುತ್ತ, ಕಣ್ಣೀರು ಸುರಿಸುತ್ತ ಗಾಳವನ್ನು ಅದರ ಬೆನ್ನುಮೂಳೆಗೆ ಸುತ್ತಿ ಚುಚ್ಚಿದಳು. ದಾರವನ್ನು ಅಂಗೈಗೆ ಸುತ್ತಿಕೊಳ್ಳದಂತೆ ಮ್ಯಾಕ್ಸ್‌ವೆಲ್ ತಡೆದ. “ಬೆರಳು ಹೋಗ್ತದೆ! ಬರೀ ಹಿಡಿ!”

ಇಳಿಬಿಟ್ಟಳು. ಏನೂ ಇಲ್ಲ.

ಏನೂ ಇಲ್ಲ.

ಜಗ್ಗಿತು!

ದಾರ ಉರಿಯುತ್ತ ಬೆರಳುಗಳ ನಡುವೆ ಓಡಿತು. ಅವಳು ಹಿಕ್ಕೆಯ ಮೇಲೆ ಮಕಾಡೆ ಬಿದ್ದಳು. ಬಾಯಿಗೂ ಹೋಯಿತು.

“ಪೊಟರೆಗೆ ಬಿಡಬೇಡ! ಹೊಕ್ಕರೆ ಮುಗೀತು!” ಮ್ಯಾಕ್ಸ್‌ವೆಲ್ ಕೂಗಿದ.

ಕೊಗ್ಗ ಮಾವ ಅವಳ ಕಾಲುಗಳ ಮೇಲೆ ಕೂತೇಬಿಟ್ಟು ದಾರಕ್ಕೆ ಕೈ ಚಾಚಿದರು.

“ಮುಟ್ಟಬೇಡಿ ಮಾವ! ನಾನೇ!”

ಎಳೆದಳು. ಅದು ಎಳೆಯಿತು. ಅಂಗೈ ಹರಿದು, ಉಪ್ಪುನೀರು ತಾಗಿ ಗಾಯ ಸುರ್‍ರೆಂದಿತು. ಒಂದು ಗೇಣು ಬಂತು, ಅರ್ಧ ಗೇಣು ಹೋಯಿತು. ಕೆಳಗಿನಿಂದ ಮುಸ್ತಫಾ ಕೂಗುತ್ತಿದ್ದ, “ಯಲ್ಲಾ! ಯಲ್ಲಾ! ಪಾನಿ ಜಾ ರಹಾ ಹೈ!” ನೀರು ಇಳಿಯತೊಡಗಿತ್ತು. ಅಕ್ಷಯಾ ಹಲ್ಲು ಕಚ್ಚಿ ಹಿಂದಕ್ಕೆ ಒರಗಿದಳು. ಬಂಡೆಯಂಚಿನಲ್ಲಿ ಕಂದು ಚುಕ್ಕೆಗಳ ದಪ್ಪ ತಲೆಯೊಂದು ಮೂಡಿ, ಬಾಯಿ ಕಳೆದು, ಅವಳ ಮಡಿಲಿಗೇ ದೊಪ್ಪನೆ ಬಿತ್ತು. ಅವಳು ಕಿರುಚಿಕೊಂಡಳು, ಆದರೆ ಬಿಡಲಿಲ್ಲ.

ಪೆಟ್ಟಿಗೆಯ ತುಂಬ ಐಸು ತಂದಿದ್ದ ಮುಸ್ತಫಾ ಮೀನನ್ನು ನೋಡಿ ಹುಬ್ಬೇರಿಸಿದ. ಅವಳನ್ನು ನೋಡಿ ಮೂಗು ಮುಚ್ಚಿಕೊಂಡ. ದೋಣಿಯ ತಳ ಎರಡು ಕಡೆ ಕೆಸರಿಗೆ ತಾಗಿತು. ಮೂವರೂ ಇಳಿದು ನೂಕಿದರು. ಮಹೂತಿನಿಂದ ಮಬೇಲಾದವರೆಗೂ ಕಾರಿನ ಕಿಟಕಿಗಳು ತೆರೆದೇ ಇದ್ದವು.

ಸಂಜೆ ಮಾವನ ಮನೆಯ ಬಚ್ಚಲಲ್ಲಿ ಅಕ್ಷಯಾ ಮಣೆ ಹಾಕಿ ಕೂತಳು. ಹುರುಪೆಗಳು ಹಾರಿ ಹಣೆಗೆ ಅಂಟಿದವು. ಕಿವಿರು ಕಿತ್ತಳು. ಹೊಟ್ಟೆ ಸೀಳಿದಾಗ ಕರುಳಿನ ಜೊತೆ ಅದೇ ಹಳದಿ ಲೋಳೆಯ ಮೀನು ಹೊರಬಂತು. “ನೀನಾ? ಥೂ” ಎಂದು ಅದನ್ನು ಎತ್ತಿ ಪಕ್ಕಕ್ಕಿಟ್ಟಳು. ಮೂಗು ಹಿಡಿಯಲು ಬಿಡುವಿದ್ದ ಕೈ ಇರಲಿಲ್ಲ.

ಬಾಳೆ ಎಲೆಯ ಮೇಲೆ ಅನ್ನ. ಪಕ್ಕದಲ್ಲಿ ಕೆಂಪು ಮಸಾಲೆಯಲ್ಲಿ ಬೆಂದ ಇಡೀ ಮುರು, ತಲೆ ಬಾಲ ಸಹಿತ. ಕೊಗ್ಗ ಮಾವ ದೀಪದ ಮುಂದೆ ಕೈಮುಗಿದು, “ಅಮ್ಮಾ, ನಿನ್ನ ಪುಳ್ಳಿ ಹಿಡಿದದ್ದು” ಎಂದರು. ದೀಪದ ಬತ್ತಿ ಸರಿಮಾಡಿ ಹೊರಗೆ ಹೋದರು.

ಅಕ್ಷಯಾ ಹೊಸ್ತಿಲಲ್ಲಿ ನಿಂತಳು. ಸೋಪು ಹಾಕಿ, ಹುಳಿ ಹಾಕಿ ಎಷ್ಟು ಉಜ್ಜಿದರೂ ಕೈಯ ವಾಸನೆ ಹೋಗಿರಲಿಲ್ಲ.

“ಈಗಲೂ ನಾರ್ತದೆ ಅಜ್ಜಿ” ಎಂದಳು. “ಬಿಸಿ ಉಂಟು. ಊಟ ಮಾಡಿ.”

ಎರಡೂ ಕೈಯಿಂದ ಬಾಗಿಲು ಮುಂದೆ ಮಾಡಿದಳು.