ಅದಿತಿಯ ಬದಲಿಗೆ ಬಂದವನು

ಅದಿತಿ ನಿಂತಿರಬೇಕಾದ ಜಾಗದಲ್ಲಿ ಅವನು ನಿಂತಿದ್ದ.

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣ, ಬೆಳಗಿನ ಆರು ಗಂಟೆ. ಬೆನ್ನ ಮೇಲೆ ತಲೆಗಿಂತ ಎತ್ತರದ ಚೀಲ, ಕೈಯಲ್ಲಿ ಆರಿಹೋದ ಕಾಫಿಯ ಲೋಟ. ಅದನ್ನು ಕುಡಿಯುತ್ತಲೂ ಇರಲಿಲ್ಲ, ಎಸೆಯುತ್ತಲೂ ಇರಲಿಲ್ಲ. ಹಿಂದಿದ್ದವರನ್ನೆಲ್ಲ ಸಾಲಿನಲ್ಲಿ ಮುಂದೆ ಬಿಟ್ಟು, ಬಾಗಿಲನ್ನೇ ನೋಡುತ್ತಿದ್ದ.

ಶರ್ವಾಣಿ ಹತ್ತಿರ ಹೋದಳು. ವಿದನ್‌ಶಾ ಆಸ್ಪತ್ರೆಯಲ್ಲಿ ಸತತ ನಾಲ್ಕು ದಿನದ ಪಾಳಿ ಮುಗಿಸಿ ಬಂದಿದ್ದ ಅವಳ ಕಣ್ಣುಗಳು ಉರಿಯುತ್ತಿದ್ದವು.

“ಉಲ್ಲಾಸ್ ನೀವೇನಾ?”

“ಹೌದು.”

ಮುಂದೆ ಏನೋ ಹೇಳುತ್ತಾನೆಂದು ಅವಳು ಕಾದಳು. ಅವನು ಲೋಟವನ್ನು ಎಡಗೈಗೆ ಬದಲಿಸಿ, ಅವಳ ಕೈಯಲ್ಲಿದ್ದ ಪುಟ್ಟ ರೈಸ್ ಕುಕ್ಕರಿನ ಚೀಲವನ್ನು ಕೇಳದೆಯೇ ತೆಗೆದುಕೊಂಡ. ಅಷ್ಟೇ.

‘ಈ ಮನುಷ್ಯನ ಜೊತೆ ಹದಿನೇಳು ದಿನ... ಉಲ್ಲಾಸ್ ಅಂತ ಹೆಸರಿಟ್ಟವರು ಇವನ ಮುಖ ನೋಡಿರಲಿಲ್ಲವೇನೋ’ ಅಂದುಕೊಂಡಳು.

ಆದರೂ ಅವನು ತನ್ನನ್ನು ನೋಡಿದ ರೀತಿ ಅವಳ ಮನಸ್ಸಿನಲ್ಲಿ ಉಳಿಯಿತು. ಗುರುತಿಲ್ಲದ ಹುಡುಗಿಯನ್ನು ನೋಡಿದಂತಿರಲಿಲ್ಲ. ದಣಿದವಳನ್ನು ನೋಡಿದಂತಿತ್ತು.

ಯುರೋಪಿನ ಈ ತಿರುಗಾಟಕ್ಕೆ ಶರ್ವಾಣಿ ಮತ್ತು ಅದಿತಿ ಒಂದು ವರ್ಷದಿಂದ ತಯಾರಿ ನಡೆಸಿದ್ದರು. ಇಬ್ಬರೂ ಒಂದೇ ಆಸ್ಪತ್ರೆಯ ವೈದ್ಯೆಯರು, ಸ್ಟಾಕ್‌ಪೋರ್ಟಿನಲ್ಲಿ ಒಂದೇ ಬಾಡಿಗೆ ಮನೆ. ಆಸ್ಪತ್ರೆಯ ಪಾಳಿಪಟ್ಟಿಯಲ್ಲಿ ಇಬ್ಬರಿಗೂ ಒಟ್ಟಿಗೆ ರಜೆ ಹೊಂದಿಸಲು ಅದೆಷ್ಟೋ ವಾರಾಂತ್ಯಗಳನ್ನು ಬಿಟ್ಟುಕೊಟ್ಟಿದ್ದರು. ಹೊರಡಲು ನಾಲ್ಕು ದಿನವಿದ್ದಾಗ ಅದಿತಿ ಮನೆಯ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿದ ಕಾಲನ್ನು ಸೋಫಾದ ಮೇಲೆ ಚಾಚಿಕೊಂಡೇ ತನ್ನ ಪಿಯುಸಿ ಗೆಳೆಯನೊಬ್ಬನನ್ನು ಹುಡುಕಿಕೊಟ್ಟಳು. ನಾಟಿಂಗ್‌ಹ್ಯಾಮಿನಲ್ಲಿ ಪಿಎಚ್‌ಡಿ ಮುಗಿಸುತ್ತಿದ್ದಾನೆ, ಯಾವುದೋ ಸಮ್ಮೇಳನಕ್ಕೆ ಮಾಡಿಸಿದ ಯುರೋಪಿನ ಷೆಂಗೆನ್ ವೀಸಾದ ಅವಧಿ ಇನ್ನೂ ಉಳಿದಿದೆ, ಒಬ್ಬಳೇ ಹೋಗುವುದಕ್ಕಿಂತ ವಾಸಿ ಎಂದಳು.

“ಮಾತು ಕಡಿಮೆ ಕಣೇ. ಆದ್ರೆ ನಂಬಬಹುದು.”

ಹಾಸನದಲ್ಲಿದ್ದ ಅಮ್ಮನಿಗೆ ಮಾತ್ರ ಶರ್ವಾಣಿ ಈ ಬದಲಾವಣೆಯನ್ನು ತಿಳಿಸಲಿಲ್ಲ.

ಸುಳ್ಳು ಹೇಳಿದ್ದಲ್ಲ... ನಿಜ ಹೇಳದೆ ಬಿಟ್ಟಿದ್ದು, ಅಷ್ಟೇ. ಹಾಗೆಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಅಮ್ಮ ಚಂದ್ರಿಕಾ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಅಪ್ಪ ತೀರಿಕೊಂಡ ಮೇಲೆ ಇರುವ ಒಬ್ಬ ಮಗಳನ್ನೂ ಅಷ್ಟು ದೂರ ಕಳಿಸಬೇಡ ಎಂದು ನೆಂಟರೆಲ್ಲ ತಡೆದಾಗ ಅಮ್ಮ ಕೊಟ್ಟಿದ್ದು ಒಂದೇ ಉತ್ತರ: ನನ್ನ ಮಗಳು ನನ್ನ ಹತ್ತಿರ ಏನನ್ನೂ ಮುಚ್ಚಿಡುವುದಿಲ್ಲ.

ಆ ಉತ್ತರವನ್ನು ಸುಳ್ಳಾಗಿಸುವ ಧೈರ್ಯ ಶರ್ವಾಣಿಗಿರಲಿಲ್ಲ.

ಹೀಗೆ ಉಲ್ಲಾಸ್ ಹದಿನೇಳು ದಿನಗಳ ಮಟ್ಟಿಗೆ ಅದಿತಿಯಾದ.

ಅಮ್ಮ ಫೋನ್ ಮಾಡಿದಾಗಲೆಲ್ಲ ಅದಿತಿ ಸ್ನಾನಕ್ಕೆ ಹೋಗಿರುತ್ತಿದ್ದಳು, ಇಲ್ಲವೇ ಮಲಗಿರುತ್ತಿದ್ದಳು. “ಏನೇ, ಆ ಹುಡುಗಿ ದಿನಕ್ಕೆ ಮೂರು ಸಲ ಸ್ನಾನ ಮಾಡ್ತಾಳಾ?” ಎಂದು ಅಮ್ಮ ಕೇಳಿದಾಗ, ಪ್ರಾಗ್‌ನ ಹಾಸ್ಟೆಲ್ ಅಡುಗೆಮನೆಯಲ್ಲಿ ಅನ್ನಕ್ಕೆ ಪುಳಿಯೋಗರೆ ಗೊಜ್ಜು ಕಲಸುತ್ತಿದ್ದ ಉಲ್ಲಾಸ್ ಮೊದಲ ಸಲ ನಕ್ಕಿದ್ದ. ಸದ್ದಿಲ್ಲದೆ, ಭುಜ ಮಾತ್ರ ಅಲುಗುವಂತೆ. ಆ ದಿನದಿಂದ ಇಬ್ಬರ ನಡುವಿನ ಬಹುವಚನ ಹೋಯಿತು.

ಅವನ ಮೌನ ಅವಳಿಗೆ ನಿಧಾನವಾಗಿ ಹಿಡಿಸತೊಡಗಿತು. ವಿಯೆನ್ನಾದಲ್ಲಿ ಒಂದು ಸಂಜೆ, ಸ್ಟೇಷನ್ನಿನ ಮೆಟ್ಟಿಲ ಮೇಲೆ ಕೂತು, ತನ್ನ ಪಾಳಿಯಲ್ಲಿ ತೀರಿಕೊಂಡ ಒಬ್ಬ ಮುದುಕಿಯ ವಿಷಯ ಹೇಳಿದ್ದಳು. ಯಾರಿಗೂ ಹೇಳಿರಲಿಲ್ಲ ಅದನ್ನು. ಅದಿತಿಗೂ. ಕೊನೆಯ ಗಳಿಗೆಯಲ್ಲಿ ಆಕೆ ಕೈ ಚಾಚಿದಾಗ ತಾನು ಪಕ್ಕದ ಹಾಸಿಗೆಯ ಬಳಿ ಇದ್ದೆ ಎಂದಾಗ ಅವಳ ದನಿ ಕಟ್ಟಿತ್ತು.

ಉಲ್ಲಾಸ್ ‘ಅಯ್ಯೋ’ ಅನ್ನಲಿಲ್ಲ, ‘ನಿನ್ನ ತಪ್ಪಲ್ಲ’ ಅನ್ನಲಿಲ್ಲ. ಒಂದು ಕಿತ್ತಳೆ ಸುಲಿದು, ನಾರನ್ನೆಲ್ಲ ಬಿಡಿಸಿ, ತೊಳೆ ತೊಳೆಯಾಗಿ ಅವಳ ಅಂಗೈಯಲ್ಲಿಟ್ಟ. ಬಹಳ ಹೊತ್ತಾದ ಮೇಲೆ ತನಗೆ ಎರಡು ಕಡೆ ಕೆಲಸ ಸಿಕ್ಕಿದೆ ಎಂದ. ಒಂದು ಸ್ವೀಡನ್ನಿನಲ್ಲಿ, ಒಂದು ಲೀಡ್ಸಿನಲ್ಲಿ. ಈ ತಿರುಗಾಟದಿಂದ ಮರಳಿದ ಮಾರನೆಯ ದಿನ ಉತ್ತರ ಬರೆಯಬೇಕು.

“ಲೀಡ್ಸಿಂದ ಮ್ಯಾಂಚೆಸ್ಟರಿಗೆ ಒಂದು ಗಂಟೆ,” ಎಂದು ಸೇರಿಸಿದ.

ಅವಳಿಗೆ ಅರ್ಥವಾಗಿತ್ತು. ಕಿತ್ತಳೆ ತಿನ್ನುವುದರಲ್ಲಿ ಮಗ್ನಳಾದಂತೆ ನಟಿಸಿದ್ದಳು.

ಎಲ್ಲ ಕೆಟ್ಟಿದ್ದು ಕೊನೆಯ ಊರಾದ ಲುಬ್ಲಿಯಾನಾದಲ್ಲಿ, ಮರಳುವುದಕ್ಕೆ ಎರಡು ದಿನ ಮೊದಲು. ಉಲ್ಲಾಸ್ ಕೆಂಡದಂಥ ಜ್ವರದಲ್ಲಿ ಮಲಗಿದ್ದ. ಹಾಸ್ಟೆಲ್‌ನವಳನ್ನು ಕಾಡಿ ಬೇಡಿ ಒಂದು ಚಿಕ್ಕ ಕೋಣೆ ಪಡೆದು, ಶರ್ವಾಣಿ ಅವನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಆಗ ಅಮ್ಮನ ಫೋನ್ ಬಂತು. ಅಮ್ಮನೊಂದಿಗೆ ಮಾತಾಡುತ್ತ ಅದಿತಿಗೆ ಜ್ವರ ಎಂದಳು. ಮಾತಿನ ನಡುವೆ ಉಲ್ಲಾಸ್‌ಗೆ ಕೆಮ್ಮು ಬಂತು.

“ಯಾರದು ಗಂಡಸಿನ ಕೆಮ್ಮು? ರೂಮಲ್ಲಿ ಇನ್ಯಾರಿದಾರೆ?”

“ಯಾರೂ ಇಲ್ಲಮ್ಮ. ಪಕ್ಕದ ರೂಮು. ಇಲ್ಲಿ ಯಾರೂ ಇಲ್ಲ.”

ಹೇಳುತ್ತ ತಿರುಗಿ ನೋಡಿದಳು. ಉಲ್ಲಾಸ್ ದಿಂಬನ್ನು ಬಾಯಿಗೆ ಒತ್ತಿಹಿಡಿದಿದ್ದ. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದಿತ್ತು. ಕೆಮ್ಮು ಮಾತ್ರ ಹೊರಗೆ ಬರಲಿಲ್ಲ.

ಆ ಕ್ಷಣ ಅವಳಿಗಾದದ್ದು ನಾಚಿಕೆಯಲ್ಲ, ನಿರಾಳ. ಅದನ್ನು ನೆನೆದು ಆಮೇಲೆ ಎಷ್ಟು ಸಲ ತನ್ನನ್ನೇ ಬೈದುಕೊಂಡಳೋ...

ಅಲ್ಲಿಂದ ಅವನು ಮಾತು ಬಿಟ್ಟ. ಮೊದಲೇ ಮಾತಿಲ್ಲದವನು ಮಾತು ಬಿಟ್ಟರೆ ತಿಳಿಯುವುದು ಹೇಗೆ? ಆದರೂ ತಿಳಿಯಿತು. ಮುಂಚಿನ ಮೌನದಲ್ಲಿ ಅವಳಿಗೂ ಜಾಗವಿತ್ತು. ಇದರಲ್ಲಿ ಇರಲಿಲ್ಲ. ಜ್ವರ ಇಳಿದ ಮೇಲೂ ಹಾಗೇ ಇದ್ದ. ‘ನನ್ನ ಜೊತೆ ಸಾಕಾಗಿದೆ ಇವನಿಗೆ’ ಅಂದುಕೊಂಡು ಅವಳೂ ಸುಮ್ಮನಾದಳು.

ಮ್ಯಾಂಚೆಸ್ಟರಿನಲ್ಲಿ ಇಳಿದಾಗ ಮಧ್ಯಾಹ್ನ ಮೂರು ಗಂಟೆ. ಪಾಸ್‌ಪೋರ್ಟ್ ತಪಾಸಣೆಯ ಉದ್ದನೆಯ ಸಾಲಿನಲ್ಲಿ ನಿಂತು ಫೋನ್ ಆನ್ ಮಾಡಿದಳು. ಅಮ್ಮನ ಹನ್ನೊಂದು ಕರೆಗಳು. ಅದಿತಿಯದೊಂದು ಸಂದೇಶ.

‘ಸತ್ತೆವು ಕಣೇ. ಜ್ವರದ ಹುಡುಗಿ ಹೇಗಿದಾಳೆ ಅಂತ ವಿಚಾರಿಸೋಕೆ ನಿಮ್ಮಮ್ಮ ನಮ್ಮಮ್ಮಂಗೆ ಫೋನ್ ಮಾಡಿದಾರೆ. ಅವಳು ಕಾಲು ಮುರ್ಕೊಂಡು ಮನೇಲೇ ಬಿದ್ದಿದಾಳಲ್ಲ ಅಂದ್ರಂತೆ ನಮ್ಮಮ್ಮ.’

ಓದಿ ಮುಗಿಸಿದಾಗ ಅವಳಿಗೆ ಅಳು ಕೂಡ ಬರಲಿಲ್ಲ. ಅಷ್ಟು ದಣಿದಿದ್ದಳು. ಉಲ್ಲಾಸ್‌ಗೆ ಫೋನ್ ಕೊಟ್ಟಳು. ಅವನೂ ಓದಿ ಮರಳಿಸಿದ.

ವಿಮಾನ ನಿಲ್ದಾಣದಿಂದ ರೈಲ್ವೆ ಸ್ಟೇಷನ್ನಿಗೆ ಹೋಗುವ ಉದ್ದನೆಯ ಹಾದಿಯಲ್ಲಿ ಇಬ್ಬರೂ ನಡೆದರು. ಪ್ಲಾಟ್‌ಫಾರಂ ತಲುಪಿ ಚೀಲ ಇಳಿಸಿದ ಮೇಲೆ ಅವನು ಬಾಯಿಬಿಟ್ಟ.

“ನಾಳೆ ಸ್ವೀಡನ್ನಿಗೇ ಒಪ್ಪಿಗೆ ಬರೀತೀನಿ.”

“ಲೀಡ್ಸ್ ಅಂದಿದ್ದೆಯಲ್ಲ ನೀನು...”

“ಲೀಡ್ಸಲ್ಲಿದ್ರೆ, ನಿಮ್ಮಮ್ಮನ ಫೋನ್ ಬಂದಾಗೆಲ್ಲ ನಾನು ಎಲ್ಲಿಗೆ ಹೋಗ್ಲಿ ಶರ್ವಾಣಿ?”

ಕೋಪವಿರಲಿಲ್ಲ ಅವನ ದನಿಯಲ್ಲಿ. ಅದಕ್ಕೇ ಹೆಚ್ಚು ನೋವಾಯಿತು. ಎರಡು ದಿನದಿಂದ ಅವನು ಹೊತ್ತುಕೊಂಡಿದ್ದು ಬೇಸರವನ್ನಲ್ಲ, ‘ಯಾರೂ ಇಲ್ಲ’ ಎಂದು ತಾನು ಅಮ್ಮನಿಗೆ ಹೇಳಿದ ಮಾತನ್ನು ಎಂದು ಅವಳಿಗೆ ಆಗ ಹೊಳೆಯಿತು.

“ನನ್ನ ಜೊತೆ ಸಾಕಾಯ್ತೇನೋ ಅಂದ್ಕೊಂಡಿದ್ದೆ,” ಎಂದಳು ಮೆಲ್ಲಗೆ. “ಅವತ್ತೇ ಒಂದು ಮಾತು ಹೇಳಬಾರದಿತ್ತಾ?”

“ಕೆಮ್ಮು ತಡ್ಕೊಳ್ಳೋದೇ ಆಗೋಗಿತ್ತು ಅವತ್ತು.”

ಊರೊಳಗಿನ ಪಿಕಡಿಲಿ ಸ್ಟೇಷನ್ನಿನ ರೈಲಿಗೆ ಒಂಬತ್ತು ನಿಮಿಷವಿತ್ತು. ಅಲ್ಲಿಂದ ಅವನು ನಾಟಿಂಗ್‌ಹ್ಯಾಮಿಗೆ ಹೋಗುತ್ತಾನೆ. ನಾಳೆ ಪತ್ರ ಬರೆಯುತ್ತಾನೆ. ಬರೆದ ಮೇಲೆ ತಾನು ಏನು ಹೇಳಿದರೂ ಅದು ತಡವಾದ ಮಾತೇ.

ಅಮ್ಮನಿಗೆ ಏನೆಂದು ಹೇಳುವುದು? ಹದಿನೇಳು ದಿನದ ಬಗ್ಗೆ? ಪದಗಳನ್ನು ಜೋಡಿಸಲು ನೋಡಿದಳು, ಆಗಲಿಲ್ಲ. ಜೋಡಿಸದೆಯೇ ಅಮ್ಮನ ನಂಬರು ಒತ್ತಿದಳು. ಸ್ಪೀಕರ್ ಹಾಕಿ ಫೋನನ್ನು ಇಬ್ಬರ ನಡುವೆ ಹಿಡಿದಳು. ಉಲ್ಲಾಸ್ ಅಭ್ಯಾಸದಂತೆ ಪಕ್ಕಕ್ಕೆ ಸರಿಯಹೋದ. ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು.

“ಹೇಳು,” ಅಮ್ಮನ ದನಿ ತಣ್ಣಗಿತ್ತು. “ಅದಿತಿ ಸ್ನಾನಕ್ಕೆ ಹೋಗಿದಾಳಾ?”

“ಅದಿತಿ ಬರಲೇ ಇಲ್ಲಮ್ಮ. ನನ್ನ ಜೊತೆ ಬಂದಿದ್ದು ಉಲ್ಲಾಸ್. ಅವಳ ಫ್ರೆಂಡು.”

ಆಚೆ ಕಡೆ, ಎಲ್ಲೋ ಸ್ಕೂಟರೊಂದು ಹೋದ ಸದ್ದು.

“ಜ್ವರ ಅವನಿಗಾ ಬಂದಿದ್ದು?”

“ಹೂಂ.”

“ಆ ಕೆಮ್ಮು?”

“ಅವನದೇ.”

“ಮತ್ತೆ ಯಾರೂ ಇಲ್ಲ ಅಂದೆ.”

“ತಪ್ಪಾಯ್ತಮ್ಮ. ನಿನಗೊಬ್ಬಳಿಗೇ ಅಲ್ಲ, ಅವನಿಗೂ ನೋವು ಮಾಡಿದೆ. ಅಲ್ಲೇ ಮಲಗಿ ಕೇಳಿಸ್ಕೊಂಡ ಅದನ್ನ.” ಉಸಿರು ಎಳೆದುಕೊಂಡಳು. “ಅಮ್ಮ, ನನಗೆ ಅವನು ಬೇಕು. ಅವನಿಗೇ ಇನ್ನೂ ಹೇಳಿಲ್ಲ ಇದನ್ನ. ಮೊದಲು ನಿನಗೆ ಹೇಳ್ತಿದೀನಿ.”

ಹಿಡಿದಿದ್ದ ತೋಳು ನಿಶ್ಚಲವಾಯಿತು. ಅವನ ಮುಖ ನೋಡುವ ಧೈರ್ಯ ಅವಳಿಗಾಗಲಿಲ್ಲ.

ಅಮ್ಮನ ದನಿ ಒಡೆದಿತ್ತು.

“ಎಲ್ಲರಿಗೂ ಹೇಳ್ಕೊಂಡು ತಿರುಗಿದ್ದೆ ನಾನು, ನನ್ನ ಮಗಳು ಮುಚ್ಚಿಡಲ್ಲ ಅಂತ. ನನಗೆ ಕೋಪ ಇದೆ ಶರ್ವಾಣಿ. ನಾಳೆನೂ ಇರುತ್ತೆ.” ತಡೆದು ಕೇಳಿದರು, “ಅಲ್ಲೇ ಇದಾನಾ ಅವನು?”

“ಇದಾನೆ. ಕೇಳಿಸ್ಕೊಳ್ತಿದಾನೆ.”

“ಏನಪ್ಪಾ, ಜ್ವರ ಬಿಡ್ತಾ?”

ಉಲ್ಲಾಸ್ ಬೆಚ್ಚಿಬಿದ್ದ. “ಬಿಡ್ತು ಆಂಟಿ. ನನ್ನದೂ ತಪ್ಪಿದೆ. ಮೊದಲನೇ ದಿನವೇ ನಾನು ಮಾತಾಡಬೇಕಿತ್ತು.”

“ಮಾತಾಡಬೇಕಿತ್ತು,” ಎಂದರು ಚಂದ್ರಿಕಾ, ತರಗತಿಯಲ್ಲಿ ಉತ್ತರ ತಪ್ಪಿದ ಹುಡುಗನಿಗೆ ಹೇಳುವಂತೆ. “ಭಾನುವಾರ ಇಬ್ಬರೂ ಕೂತು ಫೋನ್ ಮಾಡಿ. ನಾನು ಕೇಳೋದು ಬಹಳ ಇದೆ.”

ಫೋನ್ ಇಟ್ಟ ಸದ್ದು. ಅದು ಒಪ್ಪಿಗೆಯಲ್ಲ. ಆದರೆ ಬಾಗಿಲು ಮುಚ್ಚಿದ್ದೂ ಅಲ್ಲ.

ರೈಲು ಬಂತು. ಇಬ್ಬರೂ ಹತ್ತಿ, ಚೀಲಗಳನ್ನು ಕಾಲ ಬಳಿ ತುರುಕಿ ಕೂತರು. ಅವನು ಫೋನ್ ತೆಗೆದು ಲೀಡ್ಸಿನವರ ಮಿಂಚಂಚೆ ತೆರೆದ. ಒಂದಕ್ಷರವನ್ನೂ ಒತ್ತದೆ ಹಾಗೇ ಹಿಡಿದು ಕೂತ.

“ಬರಿ,” ಎಂದಳು.

“ಕೈ ನಡುಗ್ತಿದೆ.”

ವೈದ್ಯೆಯ ಕೈ ತಾನಾಗಿ ಅವನ ಹಣೆಗೆ ಹೋಯಿತು. “ಮತ್ತೆ ಜ್ವರನಾ?”

“ಅಲ್ಲ. ನಿಮ್ಮಮ್ಮ.”

ಅವಳಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣು ತುಂಬಿತು. ಒರೆಸಿಕೊಳ್ಳಲೂ ಶಕ್ತಿಯಿರಲಿಲ್ಲ, ಬಿಟ್ಟುಬಿಟ್ಟಳು.

“ಶರ್ವಾಣಿ... ಅವರಿಗೆ ಹೇಳಿದ್ದನ್ನ ನನಗೂ ಹೇಳ್ತೀಯಾ?”

“ಕೇಳಿಸ್ಕೊಂಡೆಯಲ್ಲ.”

“ಅದು ಅವರಿಗೆ ಹೇಳಿದ್ದು.”

ಅವಳು ಅವನ ಭುಜಕ್ಕೆ ತಲೆಯೊರಗಿಸಿ, ಅವನೊಬ್ಬನಿಗೇ ಕೇಳುವಷ್ಟು ದನಿಯಲ್ಲಿ ಹೇಳಿದಳು. “ನೀನು ಬೇಕು ನನಗೆ.”

“ನನಗೂ,” ಎಂದ ಅವನು. “ಬರ್ನೋ ದಾಟಿದಾಗಿಂದ.”

ಬರ್ನೋ? ಪ್ರಾಗ್‌ಗೂ ವಿಯೆನ್ನಾಗೂ ನಡುವಿನ ಯಾವುದೋ ಸ್ಟೇಷನ್ನು. ಎಷ್ಟು ಯೋಚಿಸಿದರೂ ಅವಳಿಗೆ ಏನೂ ನೆನಪಾಗಲಿಲ್ಲ.

“ಅಲ್ಲೇನಾಯ್ತು?”

“ಏನೂ ಆಗಲಿಲ್ಲ. ನೀನು ನಿದ್ದೆ ಮಾಡ್ತಿದ್ದೆ.”