ಶನಿವಾರದ ಕಟ್ಟು

ಕಳಸದ ಪೇಟೆಯಲ್ಲಿದ್ದ ಜನಾರ್ದನನ ದಿನಸಿ ಅಂಗಡಿಗೆ ಮೂಕಾಂಬಿಕಾ ಮೊದಲ ಸಲ ಹೋದಾಗ ಜಗಳವೇ ಆಯಿತು. ಅವನು ಬೆಲ್ಲವನ್ನು ಒಂದು ಕವರಿಗೆ ಹಾಕಿ, ಬಾಯಿಗೆ ಗಂಟು ಬಿಗಿದು, ಅದನ್ನು ಇನ್ನೊಂದು ಕವರಿನೊಳಗಿಟ್ಟು ಕೊಟ್ಟ. ಅವಳು ಅಲ್ಲೇ ನಿಂತು ಗಂಟು ಬಿಚ್ಚಿದಳು. ಬೆಲ್ಲವನ್ನು ತಾನು ತಂದ ಸ್ಟೀಲ್ ಡಬ್ಬಿಗೆ ಸುರಿದುಕೊಂಡು, ಎರಡೂ ಕವರನ್ನು ಮಡಚಿ ತಕ್ಕಡಿಯ ಪಕ್ಕ ಇಟ್ಟಳು.

"ಯಾಕೆ, ಬೆಲ್ಲ ಸರಿಯಿಲ್ವಾ?"

"ಬೆಲ್ಲ ಚೆನ್ನಾಗಿದೆ. ಕವರು ಬೇಡ."

"ಕವರಿಗೆ ದುಡ್ಡೇನೂ ತಗೊಳಲ್ಲ ನಾನು."

"ನೀವೇ ದುಡ್ಡು ಕೊಟ್ರೂ ಬೇಡ."

ಹಿಂದೆ ನಿಂತವರು ನಕ್ಕರು. ಈ ಹೆಂಗಸು ತನಗೆ ನಾಲ್ಕು ಜನರೆದುರು ಅವಮಾನ ಮಾಡಿದಳು ಎಂದುಕೊಂಡ ಅವನು. ಇವನು ಜನ ಸೇರಿಸಿ ತನ್ನನ್ನು ನಗೆಪಾಟಲು ಮಾಡಿದ ಎಂದುಕೊಂಡಳು ಅವಳು.

ಮರುವಾರ ಅವಳು ಹೋದಾಗ ಅವನು ತಾನಾಗಿಯೇ ಡಬ್ಬಿಗೆ ಕೈ ಚಾಚಿದ. ಅಕ್ಕಿ, ಬೇಳೆ ಅಳೆದು ಹಾಕಿದ. ಎಣ್ಣೆ ತುಂಬಿದ ಗಾಜಿನ ಬಾಟಲಿಯ ಬಾಯಿ ಒರೆಸಿ ಅವಳತ್ತ ಚಾಚಿದ, ಆದರೆ ಕೈ ಬಿಡಲಿಲ್ಲ. ಅವಳು ತಲೆಯೆತ್ತಿ ನೋಡುವವರೆಗೂ ಬಿಡಲಿಲ್ಲ.

"ಇವತ್ತು ಸರಿನಾ ಟೀಚರೇ?"

ನಗು ಅವನ ಕಣ್ಣಲ್ಲಿ ಮಾತ್ರ ಇತ್ತು. ಮುಖ ಲೆಕ್ಕ ಹಾಕುವವನದು. ಮೂಕಾಂಬಿಕಾ ಮನೆ ತಲುಪುವವರೆಗೂ ಆ ಕಣ್ಣನ್ನು ಬೈದುಕೊಂಡೇ ಹೋದಳು.

ಅವಳೇನೂ ಹೋರಾಟಗಾರ್ತಿಯಲ್ಲ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದಳು. ವಯಸ್ಸು ಮೂವತ್ತು ದಾಟಿತ್ತು. ಅಮ್ಮ ಗಿರಿಜಾಂಬಾರ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಒಂದು ಬೆಳಿಗ್ಗೆ ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಸುಟ್ಟ ಹೊಗೆ ಬಂತೆಂದು ಬೈಯಲು ಹೊರಟವಳಿಗೆ, ಹೊಗೆ ಬರುತ್ತಿರುವುದು ತಮ್ಮದೇ ಬಚ್ಚಲ ಒಲೆಯಿಂದ ಎಂದು ಗೊತ್ತಾಯಿತು. ಅಮ್ಮ ಹಾಲಿನ ಕವರು ಹಚ್ಚಿ ಒಲೆ ಉರಿಸುತ್ತಿದ್ದರು. ಬೇಗ ಹತ್ತಿಕೊಳ್ಳುತ್ತದೆ ಎನ್ನುವುದೇ ಅವರ ವಾದ.

ಅಂದಿನಿಂದ ಶುರುವಾಯಿತು. ಹಾಲಿನ ಕವರನ್ನು ಕತ್ತರಿಸಿ ತೊಳೆದು ಬಟ್ಟೆಯ ತಂತಿಗೆ ಸಿಕ್ಕಿಸುವುದು. ಪಾತ್ರೆಗೆ ತೆಂಗಿನ ನಾರು, ಅಂಟುವಾಳದ ನೀರು. ಮೊಸರು ತರಲು ಸ್ಟೀಲ್ ತೂಕುಪಾತ್ರೆ. ಶಾಲೆಯಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಚಾಕಲೇಟಿನ ಬದಲು ಕಡಲೆ ಬೆಲ್ಲ.

"ನೀನೊಬ್ಳು ತೊಳ್ದ್ರೆ ಊರು ಉದ್ಧಾರ ಆಗುತ್ತಾ?" ಎನ್ನುತ್ತಿದ್ದರು ಗಿರಿಜಾಂಬಾ. ಆದರೂ ಬಿಸಿಲು ಹೋಗುವ ಮುಂಚೆ ತಂತಿಯಿಂದ ಕವರುಗಳನ್ನು ಅವರೇ ತೆಗೆದಿಡುತ್ತಿದ್ದರು.

ತೊಳೆದ ಕವರಿನ ರಾಶಿ ಮೂಲೆಯಲ್ಲಿ ಬೆಳೆಯಿತು. ಇದನ್ನೆಲ್ಲ ಎಲ್ಲಿಗೆ ಕಳಿಸುವುದು ಎಂದು ಅವಳು ಅಂಗಡಿಯಲ್ಲಿ ಒಮ್ಮೆ ಯಾರನ್ನೋ ಕೇಳುತ್ತಿದ್ದಾಗ ಜನಾರ್ದನ ತಕ್ಕಡಿಯಿಂದ ಕಣ್ಣೆತ್ತದೆ ಹೇಳಿದ: "ಶನಿವಾರ ಶನಿವಾರ ನಾನು ಸಾಮಾನು ತರೋಕೆ ಮೂಡಿಗೆರೆಗೆ ಹೋಗ್ತೀನಿ. ಅಲ್ಲಿ ಲಿಂಗಪ್ಪ ಅಂತ ಒಬ್ಬ ಮುದುಕ ಗುಜರಿಯವ್ನಿದಾನೆ. ಕಟ್ಟು ಕಟ್ಟಿ ಕೊಡಿ, ಜೀಪಲ್ಲಿ ಹಾಕ್ಕೊಂಡು ಹೋಗ್ತೀನಿ."

ಅವಳು ಹಳೆಯ ನೀಲಿ ವಾಯಿಲ್ ಸೀರೆಯ ಅಂಚು ಹರಿದು ಕಟ್ಟು ಕಟ್ಟಿದಳು. ಬೆಳಿಗ್ಗೆ ಕೊಟ್ಟು ಬಂದಳು. ಸಂಜೆ ಉಪ್ಪು ಮುಗಿದಿದೆ ಎಂದು ಸುಳ್ಳೇ ನೆಪ ಮಾಡಿಕೊಂಡು ಮತ್ತೆ ಹೋದಳು.

"ಕೊಟ್ಟು ಬಂದ್ರಾ?"

"ಕೊಟ್ಟೆ. ಲಿಂಗಪ್ಪ ಕಟ್ಟನ್ನ ಮೂಸಿ ನೋಡ್ದ. ಹಾಲಿನ ವಾಸ್ನೆನೇ ಇಲ್ವಲ್ಲ ಮಾರಾಯ, ಯಾರು ತೊಳ್ದಿದ್ದು ಅಂದ."

"ನೀವೇನಂದ್ರಿ?"

"ಒಬ್ರು ಟೀಚರು ಅಂದೆ. ಮದ್ವೆ ಆಗಿದ್ಯಾ ಅಂದ."

"ಗುಜರಿಯವ್ರಿಗೆ ಅದೆಲ್ಲ ಯಾಕೆ?"

"ಅದನ್ನೇ ನಾನೂ ಕೇಳ್ದೆ," ಎಂದ ಜನಾರ್ದನ, ಉಪ್ಪನ್ನು ನಿಧಾನವಾಗಿ, ತೀರ ನಿಧಾನವಾಗಿ ಅಳೆಯುತ್ತ.

ಹೀಗೆ ವಾರ ವಾರವೂ ಲಿಂಗಪ್ಪ ಏನಾದರೊಂದು ಕೇಳುತ್ತಿದ್ದ. ಟೀಚರಿಗೆ ಯಾವ ಊರು. ಟೀಚರಿಗೆ ಸಿಟ್ಟು ಬರುತ್ತಾ. ಸೇವಂತಿಗೆ ಇಷ್ಟವಾ, ಮಲ್ಲಿಗೆಯಾ. ಅವಳು ಲಿಂಗಪ್ಪನಿಗೆ ಉತ್ತರ ಕಳಿಸುತ್ತಿದ್ದಳು. ಮಲ್ಲಿಗೆ ಎಂದು ಹೇಳಿದ ಮರುವಾರ ಬೇಳೆ ಡಬ್ಬಿಯ ಮುಚ್ಚಳದ ಮೇಲೆ ಬಾಳೆನಾರಿನಲ್ಲಿ ಕಟ್ಟಿದ ಒಂದು ಮೊಳ ಮಲ್ಲಿಗೆ ಇತ್ತು.

"ಲಿಂಗಪ್ಪ ಕೊಟ್ಟ," ಎಂದ.

"ಗುಜರಿ ಅಂಗಡೀಲಿ ಮಲ್ಲಿಗೆ ಬಿಡುತ್ತಾ?"

"ಏನೇನೋ ಬಿಡುತ್ತೆ."

ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅವಳು ಅಂಗಡಿಯ ಮೆಟ್ಟಿಲ ಮೇಲೆಯೇ ಅದನ್ನು ಮುಡಿದಳು. ತಿರುಗಿ ನೋಡಿದರೆ ಒಬ್ಬನಂತೂ ನೋಡುತ್ತಿದ್ದ. ಕಂಡೇ ಇರದ ಆ ಮುದುಕನ ಮೇಲೆ ಅವಳಿಗೆ ಎಷ್ಟು ಪ್ರೀತಿ ಬಂತೆಂದರೆ, ಆ ವರ್ಷದ ಮಿಡಿ ಉಪ್ಪಿನಕಾಯಿಯ ಮೊದಲ ಭರಣಿಯನ್ನು ಜನಾರ್ದನನ ಕೈಯಲ್ಲಿ ಅವನಿಗೆ ಕಳಿಸಿದಳು. "ಕಣ್ಣಲ್ಲಿ ನೀರು ತಂದ್ಕೊಂಡ" ಎಂದು ಉತ್ತರ ಬಂತು.

ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಒಂದು ಶನಿವಾರ ಜನಾರ್ದನ ಹೇಳಿದ, "ಲಿಂಗಪ್ಪ ಅಂತಿದ್ದ, ಟೀಚರ್ ಮನೆ ಕಟ್ಟು ಬೇರೆ, ನಿನ್ನ ಮನೆ ಕಟ್ಟು ಬೇರೆ ಯಾಕೆ, ಎರಡೂ ಒಂದೇ ಮನೇದಾದ್ರೆ ತರೋಕೆ ಸುಲಭ ಅಲ್ವಾ ಅಂತ."

ಮೂಕಾಂಬಿಕಾಳ ಕೈ ಚೀಲದ ಹಿಡಿಯ ಮೇಲೆಯೇ ನಿಂತಿತು. "ಇದು ಲಿಂಗಪ್ಪ ಹೇಳಿದ್ದಾ, ನೀವು ಹೇಳಿದ್ದಾ?"

ಅವನ ಕಿವಿ ಕೆಂಪಾಯಿತು. "ನಾನು."

ಸಣ್ಣ ಊರಲ್ಲಿ ಅಂಗಡಿ ಇಟ್ಟುಕೊಂಡ ಹುಡುಗನಿಗೆ ಹೆಣ್ಣು ಸಿಕ್ಕಿತೆಂದು ಅವನ ಮನೆಯವರು, ಕವರು ಒಣಗಿಸುವವಳಿಗೆ ಗಂಡು ಸಿಕ್ಕಿತೆಂದು ಗಿರಿಜಾಂಬಾ, ಎಲ್ಲರೂ ಒಪ್ಪಿದರು. ವೈಶಾಖದಲ್ಲಿ ಹೊರನಾಡಿನಲ್ಲಿ ಮದುವೆ. ಬಾಳೆಲೆ ಊಟ, ನೀರಿಗೆ ಸ್ಟೀಲ್ ಲೋಟ, ಫ್ಲೆಕ್ಸ್ ಬೇಡ, ಪ್ಲಾಸ್ಟಿಕ್ ಹೂವು ಬೇಡ. ಅವಳು ಹೇಳಿದ್ದಕ್ಕೆಲ್ಲ ಅವನು ಹೂಂ ಎಂದ. ಅವನ ಬಾಯಲ್ಲಿ ಟೀಚರು ಹೋಗಿ ಮೂಕಾಂಬಿಕಾ ಆಯಿತು, ನೀವು ಹೋಗಿ ನೀನು ಆಯಿತು.

ಕರೆಯುವ ಶಾಸ್ತ್ರ ಶುರುವಾದಾಗ ಅವಳ ಮನಸ್ಸಿನಲ್ಲಿ ಮೊದಲು ಬಂದ ಹೆಸರು ಲಿಂಗಪ್ಪನದು. ಜನಾರ್ದನನಿಗೆ ಹೇಳದೆ ತಾನೇ ಹೋಗಿ ಕರೆಯಬೇಕು ಎಂದುಕೊಂಡಳು. ಶಾಲೆಗೆ ರಜೆಯಿದ್ದ ಒಂದು ಶನಿವಾರ, ಎಂದಿನಂತೆ ಅವನ ಜೀಪಿಗೆ ಕಟ್ಟು ಹಾಕಿ ಕಳಿಸಿ, ಮುಂದಿನ ಬಸ್ಸು ಹತ್ತಿದಳು. ಚೀಲದಲ್ಲಿ ಅಕ್ಷತೆ, ಕುಂಕುಮ, ಇನ್ನೊಂದು ಭರಣಿ ಉಪ್ಪಿನಕಾಯಿ.

ಗುಜರಿ ಅಂಗಡಿಯ ಮುಂದೆ ರಟ್ಟಿನ ರಾಶಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ ಮುದುಕನೇ ಲಿಂಗಪ್ಪ. ಅವಳು ಹತ್ತಿರ ಹೋಗಿ ನಕ್ಕಳು.

"ನಾನೇ ಕಳಸದ ಟೀಚರು."

"ಯಾವ ಟೀಚರಮ್ಮ?"

"ಹಾಲಿನ ಕವರು... ಜನಾರ್ದನ ಅವ್ರು ಪ್ರತಿ ವಾರ ತಂದ್ಕೊಡ್ತಾರಲ್ಲ."

ಲಿಂಗಪ್ಪ ಬೀಡಿ ಆರಿಸಿದ. ಹೆಂಗಸಿನ ಮುಖ ನೋಡಿ ಮೆತ್ತಗೆ ಮಾತಾಡಬೇಕೆಂದು ಅವನಿಗೆ ಅನ್ನಿಸಿರಬೇಕು. "ತೆಳು ಕವರು ನಾವು ತಗೊಳಲ್ಲ ತಾಯಿ. ನಮ್ಮತ್ರ ಕೊಳ್ಳೋರು ನಿಲ್ಸಿದ್ಮೇಲೆ ನಾವೂ ನಿಲ್ಸಿದ್ವಿ. ಕಳಸದಿಂದ ಜೀಪಲ್ಲಿ ಒಬ್ರು ಮೊದ್ಲು ಒಂದ್ಸಲ ತಂದಿದ್ರು. ಬೇಡ ಅಂತ ವಾಪಸ್ ಕಳಿಸ್ದೆ. ಆಮೇಲೆ ಬಂದಿಲ್ಲ ಅವ್ರು."

"ಉಪ್ಪಿನಕಾಯಿ ಕಳಿಸಿದ್ದೆ."

"ನಂಗಾ?"

ಅವಳು ಚೀಲದಿಂದ ಭರಣಿ ತೆಗೆದು ಅವನ ಕೈಯಲ್ಲಿಟ್ಟಳು. ಅಕ್ಷತೆಯ ಪೊಟ್ಟಣಕ್ಕೆ ಕೈ ಹಾಕಲಿಲ್ಲ.

ದಿನಸಿಯ ಸಗಟು ಮಂಡಿಯ ಮುಂದೆ ಜೀಪು ನಿಂತಿತ್ತು. ಜನಾರ್ದನ ಸಕ್ಕರೆ ಮೂಟೆ ಏರಿಸುತ್ತಿದ್ದ. ಅವಳನ್ನು ಕಂಡು ಅವನ ಮುಖವೆಲ್ಲ ಬೆಳಗಿತು. ಆ ಬೆಳಕು ಸುಳ್ಳಲ್ಲ. ಅದು ಸುಳ್ಳಾಗಿದ್ದರೆ ಎಲ್ಲವೂ ಸುಲಭವಾಗುತ್ತಿತ್ತು.

"ನೀನಿಲ್ಲಿ? ಹೇಳಿದ್ರೆ ಜೀಪಲ್ಲೇ ಬರ್ಬಹುದಿತ್ತಲ್ಲ."

"ಕಟ್ಟು ಕೊಟ್ರಾ?"

"ಆಗ್ಲೇ ಕೊಟ್ಟೆ."

"ಏನಂದ ಲಿಂಗಪ್ಪ?"

"ಮದ್ವೆಗೆ ಬರ್ತೀನಿ ಅಂದ. ನಿನ್ನ ಒಂದ್ಸಲ ನೋಡ್ಬೇಕಂತೆ." ಅವನು ಅವಳ ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದ. ರೆಪ್ಪೆ ಕೂಡ ಅಲುಗಲಿಲ್ಲ.

"ಈಗಷ್ಟೇ ನೋಡ್ಕೊಂಡು ಬಂದೆ," ಎಂದಳು ಮೂಕಾಂಬಿಕಾ.

ಮೂಟೆ ಅವನ ಹೆಗಲಿನಿಂದ ಜಾರಿ ಜೀಪಿನ ಅಂಚಿಗೆ ಒರಗಿತು. ಅವನು ಅದನ್ನು ನೆಟ್ಟಗೆ ಮಾಡುವ ನೆಪದಲ್ಲಿ ಬಹಳ ಹೊತ್ತು ತಲೆ ತಗ್ಗಿಸಿದ್ದ.

"ಎಲ್ಲಿ ಹಾಕಿದ್ರಿ?"

"ಮನೆಗೆ ಹೋಗಿ ಮಾತಾಡಣ."

"ಎಲ್ಲಿ ಹಾಕಿದ್ರೋ ಅಲ್ಲಿಗೆ ಕರ್ಕೊಂಡು ಹೋಗಿ."

ಜೀಪು ಬಣಕಲ್ ದಾಟಿತು. ಜಾವಳಿಯ ಹತ್ತಿರ ಒಂದು ತಿರುವಿನಲ್ಲಿ ಅವನು ಜೀಪು ನಿಲ್ಲಿಸಿದ. ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿದ್ದವು, ಗಾಳಿಯೇ ಸಿಹಿಯಾಗಿತ್ತು. ಅವಳು ರಸ್ತೆಯಂಚಿನಿಂದ ಇಣುಕಿದಳು. ಕೆಳಗೆ ಹಳ್ಳದ ದಡದ ಪೊದೆಗಳಲ್ಲಿ ಬಿಳಿಬಿಳಿಯಾಗಿ ಕಂಡದ್ದು ಮೊದಲಿಗೆ ಕಾಫಿ ಹೂವೆಂದೇ ಅನ್ನಿಸಿತು. ಆಮೇಲೆ ನೀಲಿ ಅಂಚು ಕಾಣಿಸಿತು. ಅವಳು ಕಟ್ಟಿದ ಗಂಟುಗಳು. ಕೆಲವು ಬಿಚ್ಚಿ ಕವರುಗಳು ನೀರಿನುದ್ದಕ್ಕೂ ಬೇರುಗಳಿಗೆ ಸಿಕ್ಕಿಕೊಂಡಿದ್ದವು. ಇವತ್ತು ಬೆಳಿಗ್ಗೆಯ ಕಟ್ಟು ಎಲ್ಲಕ್ಕಿಂತ ಮೇಲೆ, ಇನ್ನೂ ಬಿಗಿಯಾಗಿ, ಒಂದು ಕೊಂಬೆಯ ಮೇಲೆ ಕೂತಿತ್ತು.

"ವಾಪಸ್ ನಿನ್ನ ಹತ್ರ ತರೋಕೆ ಮನಸ್ಸಾಗ್ಲಿಲ್ಲ," ಎಂದ ಅವನು.

"ಅಂಗಡಿ ಹಿಂದೆ ಇಡ್ಬಹುದಿತ್ತು."

"ಇಟ್ಟಿದ್ರೆ ನೀನು ನೋಡ್ತಿದ್ದೆ. ಶನಿವಾರ ಬರೋದು ನಿಲ್ಲಿಸ್ತಿದ್ದೆ."

"ಜೀಪು ಹತ್ತಿ ನಿಮ್ಮ ಜೊತೆ ಚಿಕ್ಕಮಗಳೂರಿಗೆ ಬರ್ತಿದ್ದೆ. ಅಲ್ಲೂ ತಗೊಳ್ದಿದ್ರೆ ಹಾಸನಕ್ಕೆ ಹೋಗ್ತಿದ್ವಿ, ಇಬ್ರೂ."

ಅವನು ಅದನ್ನು ಯೋಚಿಸಿಯೇ ಇರಲಿಲ್ಲ ಎನ್ನುವುದು ಅವನ ಮುಖದಲ್ಲಿ ಕಂಡಿತು. ಇಬ್ಬರೂ ಒಂದೇ ಸೀಟಿನಲ್ಲಿ, ದೂರದ ದಾರಿ. ಕೇಳಿದ್ದರೆ ಸಿಗುತ್ತಿತ್ತು.

"ಉಪ್ಪಿನಕಾಯಿ ಏನಾಯ್ತು?"

"ನಾನೇ ತಿಂದೆ." ಹಳ್ಳದತ್ತ ನೋಡುತ್ತ ಸೇರಿಸಿದ, "ಚೆನ್ನಾಗಿತ್ತು."

ಅವಳಿಗೆ ನಗು ಉಕ್ಕಿ ಬಂತು. ಅದನ್ನು ತಡೆಯುವಷ್ಟರಲ್ಲಿ ಅಳುವಾಯಿತು.

ಮದುವೆ ನಿಂತಿತು. ಕಳಸದಲ್ಲಿ ಅವಳಿಗೆ ಹಾಲಿನ ಕವರಿಗಾಗಿ ಮದುವೆ ಮುರಿದವಳು ಎಂಬ ಹೆಸರು ಬಂತು. "ಕುಡಿತ ಇಲ್ಲ, ಇನ್ನೊಬ್ಳ ಸಹವಾಸ ಇಲ್ಲ. ಕಸ ಬಿಸಾಡ್ದ ಅಂತ ಯಾರಾದ್ರೂ ಗಂಡನ್ನ ಬೇಡ ಅಂತಾರೇನೆ?" ಎಂದು ಗಿರಿಜಾಂಬಾ ಊಟ ಬಿಟ್ಟರು. ಅಮ್ಮನಿಗೆ ಹೇಗೆ ಹೇಳುವುದು? ಮಲ್ಲಿಗೆ ಇಷ್ಟವಾ ಎಂದು ಕೇಳಿದವನು ಇರಲೇ ಇಲ್ಲ. ಅವಳನ್ನು ಹೊಗಳಿದ, ಛೇಡಿಸಿದ, ಉಪ್ಪಿನಕಾಯಿಗೆ ಕಣ್ಣೀರು ತಂದುಕೊಂಡ ಆ ಮುದುಕನನ್ನು ಜನಾರ್ದನ ವಾರಕ್ಕೊಮ್ಮೆ ಹೊಸದಾಗಿ ಕಟ್ಟಿದ್ದ, ಕಟ್ಟನ್ನು ಹಳ್ಳಕ್ಕೆಸೆದು ಬಂದ ಅದೇ ಕೈಯಿಂದ ಉಪ್ಪು ಅಳೆಯುತ್ತ.

ಶಾಲೆ ಮತ್ತೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಅವನು ಶಾಲೆಯ ಗೇಟಿಗೆ ಬಂದ. ಸೊರಗಿದ್ದ. ಮೊಣಕೈವರೆಗೂ ಮುಳ್ಳು ಗೀರಿದ ಗುರುತು.

"ತೆಗೆದೆ. ಹಗ್ಗ ಕಟ್ಕೊಂಡು ಇಳಿದು ಒಂದೊಂದೇ ತೆಗೆದೆ. ಎಲ್ಲ ಸಿಗ್ಲಿಲ್ಲ, ಮಳೆ ಸ್ವಲ್ಪ ಒಯ್ದಿದೆ. ಸಿಕ್ಕಿದ್ದನ್ನ ಚಿಕ್ಕಮಗಳೂರಿಗೆ ಹೋಗಿ ಕೊಟ್ಟು ಬಂದೆ. ಅಲ್ಲಿ ತಗೊಳ್ತಾರೆ."

ಮೂಕಾಂಬಿಕಾ ಅವನ ಕೈಯ ಗೀರು ನೋಡಿದಳು. ಆಮೇಲೆ ಅವನ ಕಣ್ಣು ನೋಡಿದಳು. ನೋಡುತ್ತಿರುವಾಗಲೇ ತಾನೇನು ಹುಡುಕುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯಿತು.

"ನಿಜ ಹೇಳ್ತಿದೀರಿ ಅಂತಾನೇ ಅನ್ಸುತ್ತೆ," ಎಂದಳು. "ಆದ್ರೂ ಹೋಗಿ ನೋಡ್ಕೊಂಡು ಬರ್ಬೇಕು ಅಂತಿದೆ ಮನಸ್ಸು."

"ನೋಡು. ಈಗ್ಲೇ ಕರ್ಕೊಂಡು ಹೋಗ್ತೀನಿ."

"ಇವತ್ತು ನೋಡ್ತೀನಿ. ನಾಳೆ ನೀವು ಇನ್ನೇನೋ ಹೇಳ್ತೀರಿ, ಅದನ್ನೂ ನೋಡೋಕೆ ಹೋಗ್ತೀನಿ. ಮದ್ವೆ ಆಗಿ ಜೀವನ ಇಡೀ ಅದೇ ಕೆಲ್ಸ ಆಗುತ್ತೆ ನಂಗೆ."

"ನಾನು ಹೇಳಿದ್ದು ಒಂದೇ ಒಂದು ಸುಳ್ಳು."

"ಹೌದು. ಪ್ರತಿ ಶನಿವಾರ."

ಅವನು ಗೇಟಿನ ಸರಳು ಹಿಡಿದುಕೊಂಡ. ತೋಟಗಳಲ್ಲಿ ಹೂವು ಉದುರಿ ಹಸಿರು ಕಾಯಿ ಕಚ್ಚಿತ್ತು. ಶಾಲೆಯ ಗದ್ದಲ ಅವರಿಬ್ಬರನ್ನು ಬಿಟ್ಟು ಸುತ್ತ ಹರಿಯುತ್ತಿತ್ತು.

"ಒಂದು ಮಾತು ಹೇಳಿಬಿಡ್ತೀನಿ," ಎಂದಳು. "ನಿಮ್ಮ ಲಿಂಗಪ್ಪ ಒಂದನ್ನ ಕೇಳ್ಲೇ ಇಲ್ಲ. ನಂಗೆ ನೀವು ಇಷ್ಟವಾ ಅಂತ. ಅಂಗಡೀಲಿ ಉಪ್ಪು ಕೊಂಡು ಕೊಂಡು ನಮ್ಮನೇಲಿ ಡಬ್ಬಿ ತುಂಬಿ ಹೋಗಿದೆ. ಅಷ್ಟು ಇಷ್ಟ ಇತ್ತು. ಈಗ್ಲೂ ಇದೆ. ಅದಕ್ಕೇ ಆಗಲ್ಲ."

ಗಂಟೆ ಹೊಡೆಯಿತು. ಜನಾರ್ದನ ಸರಳಿನಿಂದ ಕೈ ತೆಗೆದ.

"ಹೋಗಿ ಟೀಚರೇ, ನಿಮ್ಗೆ ಕ್ಲಾಸಿಗೆ ಹೊತ್ತಾಯ್ತು."

ಅವಳು ತರಗತಿಗೆ ಹೋಗಿ ಸೀಮೆಸುಣ್ಣ ಕೈಗೆತ್ತಿಕೊಂಡಳು. ಹೊರಗೆ ಜೀಪಿನ ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಆಮೇಲೆ ಅವನು ಬ್ರೇಕ್ ಬಿಟ್ಟಿರಬೇಕು. ಗಾಲಿಗಳು ಜಲ್ಲಿಯ ಮೇಲೆ ಕರಕರ ಎನ್ನುತ್ತ ಇಳಿಜಾರಿನತ್ತ ಜಾರಿದವು. ಮಕ್ಕಳು ಪುಸ್ತಕ ತೆರೆದು ಕಾಯುತ್ತಿದ್ದರು. ಬಹಳ ಕೆಳಗೆ, ಸೇತುವೆಯ ಹತ್ತಿರವೆಲ್ಲೋ, ಇಂಜಿನ್ ಹತ್ತಿಕೊಂಡಿತು.

"ಯಾವ ಪಾಠ ಟೀಚರ್?" ಎಂದಳು ಮುಂದಿನ ಬೆಂಚಿನ ಹುಡುಗಿ.

ಸದ್ದು ಪೂರ್ತಿ ಅಡಗುವವರೆಗೂ ಮೂಕಾಂಬಿಕಾ ಬೋರ್ಡಿನ ಕಡೆಗೇ ಮುಖ ಮಾಡಿಕೊಂಡಿದ್ದಳು.