ಊಟದ ಬಿಡುವಿನ ಅರ್ಧ ಗಂಟೆ

'ನನಗೆ ನಿಮ್ಮ ನಾಲಿಗೆ ಬೇಕು. ಬದಲಿಗೆ ನನ್ನ ನಾಲಿಗೆ ಕೊಡುತ್ತೇನೆ.'

ಭಾಷೆ ಕಲಿಯುವವರ ಆ ವೆಬ್‌ಸೈಟಿಗೆ ಸೇರಿದ ಎರಡನೇ ದಿನ, ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಅವಳಿಗೆ ಬಂದ ಮೊದಲ ಮೆಸೇಜ್ ಇದು. ಅಂಗಡಿಯ ಕೌಂಟರಿನಲ್ಲಿದ್ದ ಹುಡುಗಿಯನ್ನು ಎಲ್ಲರೂ ಪಟಾಕಿ ಎಂದೇ ಕರೆಯುತ್ತಿದ್ದರು. ಅವಳು ಹೆಗಲ ಮೇಲಿಂದ ಇಣುಕಿ ಓದಿ, "ಥೂ! ಬ್ಲಾಕ್ ಮಾಡಿ ಮೇಡಂ ಇವನನ್ನ" ಎಂದಳು.

ಮೇಡಂ ಬ್ಲಾಕ್ ಮಾಡುವವಳೇ ಇದ್ದಳು. ಅಷ್ಟರಲ್ಲಿ ಅರೆಬರೆ ಇಂಗ್ಲಿಷಿನಲ್ಲಿ ಎರಡನೆಯದು ಬಂತು. ಅನುವಾದದ ಆ್ಯಪ್ ಮಾನ ಕಳೆದಿದೆ, ತನಗೆ ಬೇಕಾದದ್ದು ಭಾಷೆ, ದಯವಿಟ್ಟು ಕ್ಷಮಿಸಬೇಕು. ತಾನೊಬ್ಬ ನರ್ಸ್. ತಾನು ಕೆಲಸ ಮಾಡುವ ವೃದ್ಧಾಶ್ರಮದಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮರೆವಿನ ಕಾಯಿಲೆ. ಐವತ್ತು ವರ್ಷ ಆಡಿದ ಈ ದೇಶದ ಭಾಷೆ ಪೂರ್ತಿ ಹೋಗಿದೆ, ಹುಟ್ಟಿನಿಂದ ಬಂದ ಕನ್ನಡ ಮಾತ್ರ ಉಳಿದಿದೆ. ನೋವಿದೆಯಾ ಎಂದು ಕೇಳಲು ಇಲ್ಲಿ ಯಾರಿಗೂ ಬರುವುದಿಲ್ಲ.

ಅವಳು ಎರಡು ಸಲ ಓದಿದಳು. ಆಮೇಲೆ ಮೈಕ್ ಒತ್ತಿ, ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿ ಕಳಿಸಿದಳು: "ನೋವಿದೆಯಾ? ಎಲ್ಲಿ?"

ಪಾಠ ಶುರುವಾದದ್ದು ಹಾಗೆ.

ಮಧ್ಯಾಹ್ನ ಒಂದೂವರೆಯಿಂದ ಎರಡು, ಅವಳ ಊಟದ ಹೊತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಲೆನ್ಸ್ ಕೊರೆಯುವ ಮೆಷಿನ್ ಪಕ್ಕ ಡಬ್ಬಿ ಬಿಚ್ಚಿಟ್ಟು, ಫೋನನ್ನು ಫ್ರೇಮುಗಳ ಪೆಟ್ಟಿಗೆಗೆ ಒರಗಿಸುತ್ತಿದ್ದಳು. ಅವನಿಗೆ ಆಗ ಬೆಳಗು. ಒದ್ದೆ ತಲೆ, ಇಸ್ತ್ರಿಯಾದ ಬಿಳಿ ಅಂಗಿ, ಡ್ಯೂಟಿಗೆ ಹೊರಡುವ ಗಡಿಬಿಡಿ.

ಅವಳಿಗೆ ಬೇಕಾದದ್ದು ಕಡಿಮೆ. ಅಂಗಡಿ ಬಂದರಿನ ಹತ್ತಿರವಿತ್ತು. ಅವನ ದೇಶದ ಹಡಗಿನವರು ಮುರಿದ ಕನ್ನಡಕ ಹಿಡಿದು ಬಂದರೆ ಕೈಸನ್ನೆಯಲ್ಲೇ ಕಣ್ಣು ಪರೀಕ್ಷಿಸಬೇಕಾಗುತ್ತಿತ್ತು. ಅವನು ಕಲಿಸಿದ. ಮೇಲಿನ ಸಾಲು ಓದಿ. ಈಗ ಚೆನ್ನಾಗಿ ಕಾಣುತ್ತಾ? ಅವಳು ತಿರುಗಿ ಒಪ್ಪಿಸುವಾಗ ಅವನು ಬೇಕೆಂದೇ ಕಣ್ಣು ಕಿರಿದು ಮಾಡಿ, ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಬಂದು, ಅವಳ ಮುಖವನ್ನೇ ನೋಡುತ್ತ, "ಈಗ ಚೆನ್ನಾಗಿ ಕಾಣ್ತಾ ಇದೆ" ಎನ್ನುತ್ತಿದ್ದ. ಅವಳು ಅನ್ನ ಕಲಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದಳು.

ಆದರೆ ಒಂದು ಕಿರಿಕಿರಿ. ಪರಿಚಯವಿಲ್ಲದ ಹೆಂಗಸರನ್ನು ಅಕ್ಕ ಎಂದು ಕರೆಯಬೇಕೆಂದು ಮೊದಲ ವಾರ ಅವಳೇ ಹೇಳಿಕೊಟ್ಟಿದ್ದಳು. ಅವನು ಅದನ್ನು ಬಿಡದೆ ಪಾಲಿಸಿದ. ನಮಸ್ಕಾರ ಅಕ್ಕ. ಊಟ ಆಯ್ತಾ ಅಕ್ಕ. ಪಟಾಕಿಗೆ ಬಿದ್ದು ಬಿದ್ದು ನಗು. "ಮೇಡಂ, ರಾಖಿ ಕಟ್ಟೋದೊಂದು ಬಾಕಿ."

ಅದನ್ನು ತಪ್ಪಿಸಿದ್ದು ಅಜ್ಜಿ. ಒಂದು ದಿನ ಅವನು ಫೋನನ್ನು ಅವರ ಹಾಸಿಗೆಯ ಹತ್ತಿರ ಒಯ್ದ. ಸಣ್ಣ ಮುಖ, ಬಾಚಿ ಹೆಣೆದ ಬಿಳಿ ಜಡೆ. ತನ್ನ ಭಾಷೆ ಕಿವಿಗೆ ಬಿದ್ದದ್ದೇ ತಡ, ಅಜ್ಜಿಯ ಕಣ್ಣು ಅಗಲವಾಯಿತು.

"ಪುಟ್ಟಿ! ಎಲ್ಲಿ ಹೋಗಿದ್ಯೇ ಇಷ್ಟು ದಿನ?"

ತಂಗಿಯೆಂದು ತಿಳಿದಿದ್ದರು. ಅವಳು ತಿದ್ದಲಿಲ್ಲ. "ಇಲ್ಲೇ ಇದ್ನಲ್ಲಕ್ಕ" ಎಂದಳು.

ಹೊರಡುವಾಗ ಅವನು "ನಾಳೆ ಸಿಗೋಣ ಅಕ್ಕ" ಅಂದದ್ದು ಅಜ್ಜಿಯ ಕಿವಿಗೆ ಬಿತ್ತು. "ಏನೋ ಮಂಕೆ, ಅಕ್ಕನೇನೋ ಅವಳು ನಿಂಗೆ? ಆ ನೋಟ ನೋಡೋನು ಅಕ್ಕ ಅಂತಾನೇನೋ?"

"ಮಂಕೆ ಅಂದ್ರೆ?" ಅವನು ಕೇಳಿದ.

"ಒಳ್ಳೆ ಹುಡುಗ ಅಂತ."

ಉಳಿದದ್ದನ್ನು ಅವನು ಕೇಳಲಿಲ್ಲ. ಆದರೆ ಮರುದಿನದಿಂದ ಅಕ್ಕ ನಿಂತಿತು. ಏನೂ ಕರೆಯದೆ, ಸುಮ್ಮನೆ ಒಂದು ಕ್ಷಣ ನಕ್ಕು ಮಾತು ಶುರು ಮಾಡುತ್ತಿದ್ದ. ಆ ಒಂದು ಕ್ಷಣಕ್ಕಾಗಿ ಅವಳು ಬೆಳಿಗ್ಗೆಯಿಂದ ಗಡಿಯಾರ ನೋಡುತ್ತಿದ್ದಳು.

ಎಂಟನೇ ತಿಂಗಳಲ್ಲಿ ಅಜ್ಜಿ ತೀರಿಕೊಂಡರು. 'ಬೆಳಿಗ್ಗೆ ಹೋದರು' ಎಂದಷ್ಟೇ ಮೆಸೇಜ್. ಆಮೇಲೆ ಐದು ದಿನ ಏನಿಲ್ಲ.

ಒಂದೂವರೆಗೆ ಡಬ್ಬಿ ಬಿಚ್ಚಿ, ಫೋನ್ ಒರಗಿಸಿ, ಎರಡಕ್ಕೆ ಹಾಗೇ ಮುಚ್ಚುತ್ತಿದ್ದಳು. ಅವನಿಗೆ ಇನ್ನು ಈ ಭಾಷೆ ಯಾಕೆ ಬೇಕು? ಯಾರ ಜೊತೆ ಆಡಬೇಕು? ಹತ್ತು ವರ್ಷದ ಹಿಂದೆ ಒಬ್ಬನು ಸ್ವಲ್ಪ ಕಾಯಿ ಎಂದು ಹೇಳಿ ಹೋಗಿದ್ದ. ಅವಳು ಎರಡು ವರ್ಷ ಬಂದ ಸಂಬಂಧಗಳನ್ನೆಲ್ಲ ತಿರುಗಿಸಿ ಕಳಿಸಿದಳು. ಕೊನೆಗೆ ಬಂದದ್ದು ಅವನ ಮದುವೆಯ ಕಾಗದ. ಇನ್ನೊಮ್ಮೆ ಆ ಗೊಡವೆ ಬೇಡ ಎಂದು ಅವತ್ತೇ ಅಂದುಕೊಂಡಿದ್ದಳು. ಆರನೇ ದಿನ ಪಟಾಕಿ ಏನೂ ಕೇಳದೆ ತನ್ನ ಡಬ್ಬಿ ತಂದು ಪಕ್ಕದಲ್ಲಿ ಕೂತಳು. ಆ ಕನಿಕರವನ್ನೇ ಅವಳಿಗೆ ತಾಳಲಾಗಲಿಲ್ಲ.

ಆಗ ಫೋನ್ ಬಡಿದುಕೊಂಡಿತು. ಪಟಾಕಿ ಡಬ್ಬಿ ಎತ್ತಿಕೊಂಡು ಹೊರಗೆ ಓಡಿದಳು.

ಅವನು ಗಡ್ಡ ಬೋಳಿಸಿರಲಿಲ್ಲ. "ಅಜ್ಜಿಗೆ ಯಾರೂ ಇರಲಿಲ್ಲ. ಎಲ್ಲ ಕೆಲಸ ನಾನೇ ಮಾಡಿದೆ," ಎಂದ. ಒಂದೊಂದೇ ಪದ ಹುಡುಕಿ ಜೋಡಿಸುತ್ತಿದ್ದ. "ಹಿಂದಿನ ದಿನ ಅಜ್ಜಿ ನನ್ನ ಕೈ ಹಿಡಿದು ಒಂದು ಮಾತು ಹೇಳಿದರು. ಮೂರು ಸಲ ಹೇಳಿದರು. ನನಗೆ ಅರ್ಥ ಆಗಲಿಲ್ಲ. ಬರೆದಿಟ್ಟೆ. ಕೇಳೋಕೆ ನಾಚಿಕೆ ಆಯ್ತು. ಅದಕ್ಕೇ ಇಷ್ಟು ದಿನ."

"ಹೇಳಿ."

ಕಾಗದ ನೋಡಿ ಓದಿದ. "ಪುಟ್ಟಿನ ಕಾಯಿಸಬೇಡ ಕಣೋ."

ಅವಳು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು.

"ಪುಟ್ಟಿ ಅಂದ್ರೆ ನೀವು, ಅದು ಗೊತ್ತು. ಆದರೆ ಕಾಯಿಸೋದು ನೀರು, ಹಾಲು, ಅಲ್ವಾ? ಮನುಷ್ಯರನ್ನ ಯಾರಾದ್ರೂ ಕಾಯಿಸ್ತಾರಾ?"

ನಗು ಬಂತು, ಅದರ ಹಿಂದೆಯೇ ಅಳು. ಬೇರೇನಾದರೂ ಹೇಳಿ ಮುಗಿಸಿಬಿಡಬಹುದಿತ್ತು. ಜ್ವರ, ಕೋಪ, ಏನೋ ಒಂದು. ಅವನು ನಂಬುತ್ತಿದ್ದ. ಆದರೆ ಸತ್ತವರ ಕೊನೆಯ ಮಾತಿಗೆ ಸುಳ್ಳು ಅರ್ಥ ಕೊಡಲು ಬಾಯಿ ಬರಲಿಲ್ಲ.

"ಕಾಯಿಸ್ತಾರೆ," ಎಂದಳು. "ಒಬ್ಬರು ಬರ್ತಾರೆ ಅಂತ ಇನ್ನೊಬ್ಬರು ದಾರಿ ನೋಡ್ತಾ ಕೂತಿರ್ತಾರೆ. ಬರಬೇಕಾದವರು ಬರಲ್ಲ. ಅದೂ ಕಾಯಿಸೋದೇ."

ಅವನು ಕಾಗದ ಕೆಳಗಿಟ್ಟ. ತುಂಬಾ ಹೊತ್ತು ಅವಳನ್ನು ನೋಡಿದ. ಕಣ್ಣು ಕಿರಿದು ಮಾಡಲಿಲ್ಲ, ಹತ್ತಿರ ಬರಲಿಲ್ಲ.

"ನಾನು ನಿಮ್ಮನ್ನ ಕಾಯಿಸ್ತಾ ಇದ್ದೀನಾ?"

"ಹೂಂ."

"ಬರಲಾ?"

ಎಂಟು ತಿಂಗಳು ಒಬ್ಬರಿಗೊಬ್ಬರು ನೀವು, ತಾವು ಎಂದೇ ಇದ್ದವರು. 'ಬನ್ನಿ' ಎಂಬ ಮಾತು ಅವಳ ತುಟಿಯವರೆಗೆ ಬಂದು ನಿಂತಿತು.

"ಬಾ," ಎಂದಳು.

ಐದನೇ ವಾರಕ್ಕೆ ಅವನು ಬಂದ.